ಓವನ್‌ನಲ್ಲಿ ಇಟ್ಟ ದೋಸೆ ಹಿಟ್ಟು

ಜನವರಿ 18, ಭಾನುವಾರ. ಓರೆಬ್ರೂ.

ಅಷ್ಟು ಕೂಗಬಾರದಿತ್ತು.

ಮೂರು ದಿನದಿಂದ ಹಿಮ ನಿಂತಿಲ್ಲ. ಮನೆಯಲ್ಲೇ ಇದ್ದೇವಲ್ಲ, ಬಿಸಿ ದೋಸೆ ತಿನ್ನೋಣವೆಂದು ನಿನ್ನೆ ರುಬ್ಬಿದೆ. ಈ ಚಳಿಯಲ್ಲಿ ಹಿಟ್ಟು ಹುದುಗು ಬರಲಿ ಎಂದು ಓವನ್‌ನ ಲೈಟ್ ಹಾಕಿ ಒಳಗಿಟ್ಟೆ. ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ನಾನು ಬಾಗಿಲ ಮುಂದಿನ ಹಿಮ ತೆಗೆಯುತ್ತಿದ್ದಾಗ ಮಗಳು ನೈನಾ ಓವನ್ ಕಾಯಿಸಿಬಿಟ್ಟಳು. ಹಿಟ್ಟು ಪಾತ್ರೆಯಲ್ಲೇ ಬೆಂದು ಗಟ್ಟಿಯಾಯಿತು.

"ಒಳಗೆ ನೋಡಕ್ಕೆ ಕಣ್ಣಿಲ್ವಾ ನಿಂಗೆ?"

"ಸಾರಿ ಅಮ್ಮ," ಎಂದು ಕೋಣೆಗೆ ಹೋದಳು.

ಈಗ ರಾತ್ರಿ ಅಡುಗೆಮನೆ ಒರೆಸುವಾಗ ಕಿಟಕಿಯ ಬಳಿ ಬಟ್ಟೆ ಮುಚ್ಚಿದ ತಟ್ಟೆ ಸಿಕ್ಕಿತು. ನನಗಿಷ್ಟವೆಂದು ನೈನಾ ಏಲಕ್ಕಿ ಹಾಕಿ ಸುತ್ತಿದ, ಬೇಯಿಸದ ಎಂಟು ಬನ್‌ಗಳು. ಉಬ್ಬಿ, ಕಾದು ಕಾದು, ಕುಸಿದಿವೆ.

ಓವನ್ ಇಡೀ ದಿನ ಖಾಲಿಯೇ ಇತ್ತು.