ಗಿಟ್ಟಿಯೋ ಗಟ್ಟಿಯೋ

ರೀ,

ಆಫೀಸಿನ ಚಾರ್ಟರ್ಡ್ ಬಸ್ಸಿಗೆ ಹೊತ್ತಾಯಿತು, ನಿಂತುಕೊಂಡೇ ಬರೆಯುತ್ತಿದ್ದೇನೆ. ಅತ್ತೆಗೆಂದು ಬಾತ್‌ರೂಮಿನ ಕಂಬಕ್ಕೆ ಹಾಕಿಸಿದ ಸ್ಟೀಲ್ ಹಿಡಿಕೆ ಬೆಳಿಗ್ಗೆ ಒರೆಸುವಾಗ ಸ್ಕ್ರೂ ಸಮೇತ ನನ್ನ ಕೈಗೇ ಬಂತು. ತೂತಿನೊಳಗೆ ಸ್ಕ್ರೂ ಕಚ್ಚಿಕೊಳ್ಳಲು ಪ್ಲಾಸ್ಟಿಕ್ ಗಿಟ್ಟಿಯೇ ಇಲ್ಲ, ಬರೀ ಪುಡಿ!

ಹಿಡಿಕೆ ಹಾಕಿಹೋದ ಭಯ್ಯಾನನ್ನು ಬೈಯಬೇಡಿ, ಫೋನ್ ಮಾಡಿ ಕೇಳಿದೆ. ಹಳೇ ಟವೆಲ್ ರಾಡಿನ ತೂತು ತೋರಿಸಿ ಹಿಂದಿಯಲ್ಲಿ "ಗಿಟ್ಟಿ ಹೈ?" ಅಂದನಂತೆ, ಒಳಗೆ ಗಿಟ್ಟಿ ಇದೆಯಾ ಅಂತ. ಕಂಬ ಗಟ್ಟಿ ಇದೆಯಾ ಅಂತ ಕೇಳಿದ ಅಂದುಕೊಂಡು ಅತ್ತೆ "ಗಟ್ಟಿ ಹೈ, ಗಟ್ಟಿ ಹೈ" ಅಂದಿದ್ದಾರೆ. ಅವನು ಅದರೊಳಗೇ ಸ್ಕ್ರೂ ತಿರುಗಿಸಿ ಹೋದ. ಪೇಪರ್ ಓದುತ್ತಾ ಅಲ್ಲೇ ಕೂತಿದ್ದ ನಿಮ್ಮ ಕಿವಿಗೆ ಏನೂ ಬೀಳಲಿಲ್ಲ!

ಇವತ್ತು ನಿಮಗೆ ರಜೆ ತಾನೆ? ಪಕ್ಕದ ಮನೆ ಚಡ್ಢಾ ಅವರ ಡ್ರಿಲ್ ತಂದಿಟ್ಟಿದ್ದೇನೆ. ಗಿಟ್ಟಿ, ಉದ್ದ ಸ್ಕ್ರೂ ಐಎನ್‌ಎ ಮಾರ್ಕೆಟ್ಟಿನಿಂದ ನೀವೇ ತನ್ನಿ. ಹಳೇ ತೂತು ಬೇಡ, ಪಕ್ಕದಲ್ಲಿ ಹೊಸದು ಕೊರೆಯಿರಿ. ಮೇಲಿನ ಗಾರೆಯನ್ನು ನಂಬಬೇಡಿ, ತೂತು ಅದನ್ನು ದಾಟಿ ಕಾಂಕ್ರೀಟಿನೊಳಗೆ ಹೋಗಬೇಕು. ಪುಡಿ ಪೂರ್ತಿ ಊದಿ ತೆಗೆದ ಮೇಲೆಯೇ ಗಿಟ್ಟಿ ಹೊಡೆಯಿರಿ. ಊದುವಾಗ ಕಣ್ಣು ಮುಚ್ಚಿಕೊಳ್ಳಿ, ಹೋದ ಸಲದ ಹಾಗೆ ಉಜ್ಜಿಕೊಂಡು ಕೂರಬೇಡಿ.

ಅತ್ತೆಯ ಮೇಲೆ ರೇಗಬೇಡಿ. ಹಿಡಿಕೆ ಅಲ್ಲಾಡುವುದು ಅವರಿಗೆ ಮೊದಲ ದಿನವೇ ಗೊತ್ತಾಗಿತ್ತಂತೆ. ಕಿತ್ತು ಬಂದರೆ ಮಗ ನೊಂದುಕೊಳ್ಳುತ್ತಾನೆ ಅಂತ ಅದನ್ನು ಮುಟ್ಟದೆ, ಬಕೆಟ್ಟಿನ ಅಂಚು ಹಿಡಿದುಕೊಂಡು ಏಳುತ್ತಿದ್ದಾರೆ.

ಹಾಕಿದ ಮೇಲೆ ಮೊದಲು ನೀವೇ ಜೋತುಬಿದ್ದು ನೋಡಿ. ಆಮೇಲೆ ಅತ್ತೆಯ ಕೈ ಅದರ ಮೇಲಿಡಿ. ಗಟ್ಟಿ ಅಂತ ಈ ಸಲ ಅದನ್ನು ಹಿಡಿದುಕೊಂಡು ಹೇಳಲಿ.

ವನಜ