ದಾರ ಕಟ್ಟಿದ ಬಾಳೆಲಿ

ಮಾವಾರ,

ಇವತ್ತು ಅಮಾಸಿ. ನಾ ಆಫೀಸಿಗೆ ಹೋಗೂದನ್ನ ಕಾಯ್ದು ನೀವು ಚಾಕು ಹಿಡ್ಕೊಂಡು ಹಿತ್ತಲಕ್ಕ ಹೋಗ್ತೀರಿ ಅಂತ ಗೊತ್ತದ. ಮೊದಲು ಇದನ್ನ ಓದ್ರಿ.

ಕೆಂಪು ಬಾಳಿಗಿಡದ ಸುಳಿ ಮುಟ್ಟಬ್ಯಾಡ್ರಿ. ಹೋದ ಅಮಾಸಿಗೆ, ಎಡಿಗೆ ಎಳೀ ಎಲೀನ ಆಗಬೇಕಂತ ಅದನ್ನ ಕೊಯ್ದ್ರಿ. ಗಿಡ ಹದಿನೈದು ದಿನ ಮೊಂಡಾಗಿ ನಿಂತಿತ್ತು. ಈಗ ಬಂದ ಸುಳಿ ನನ್ನಷ್ಟು ಎತ್ತರ ಅದ, ಇವತ್ತಿಲ್ಲಾ ನಾಳೆ ಬಿಚ್ಚತದ. ಕೈಲೆ ಬಿಚ್ಚಿ ನೋಡಬ್ಯಾಡ್ರಿ, ಹರೀತದ.

ಬುಡಕ್ಕ ಎರಡು ಬಕೆಟ್ ನೀರು ಹಾಕ್ರಿ. ಪಕ್ಕದ ಮನಿ ಕಾಕು ಪೂಜಿಗೆ ಎಲಿ ಕೇಳಾಕ ಬಂದ್ರ, ಸೊಸಿ ಮನಿಯಾಗಿಲ್ಲ ಅಂತ ಹೇಳ್ರಿ. ಅಷ್ಟು ಮರಾಠಿ ನಿಮಗ ಬರ್ತದ.

ಹಣ್ಣು ಕೊಡಲಾರದ, ಬರೇ ಚಂದಕ್ಕ ಬೆಳಸೂ ಬಾಳಿ ಯಾಕಂತ ಮತ್ತ ಕೇಳಬ್ಯಾಡ್ರಿ. ಹಡಪಸರದ ನರ್ಸರಿಯೊಳಗ ಇದನ್ನ ಆರಿಸಿದವರು ಅತ್ತಿಯವರು. ಇಳಕಲ್ ಸೆರಗಿನಂಥಾ ಎಲಿ ಅಂತ, ರಿಕ್ಷಾದಾಗ ತೊಡಿ ಮ್ಯಾಲ ಇಟ್ಕೊಂಡು ಕೋಥರೂಡ ತನಕ ತಂದ್ರು. ನೀವು ದಾರಿ ತುಂಬಾ ಬೈಕೋತ ಬಂದ್ರಿ. ನಾ ಮರತಿಲ್ಲ.

ಎಲ್ಲಾದಕ್ಕಿಂತ ಕೆಳಗಿನ ಎಲಿಗೆ ಬಿಳಿ ದಾರ ಕಟ್ಟೀನಿ. ಹದಿನೈದು ದಿನದಿಂದ ಗಾಳಿಗೆ ಹರೀಲಾರದಂಗ ಕೋಲು ಕೊಟ್ಟು ಕಾಯ್ದ ಎಲಿ ಅದು. ಅದೊಂದ ಕೊಯ್ರಿ. ಹೋಳಿಗಿ ಡಬ್ಬಿಯೊಳಗ ಅದಾವ. ಅತ್ತಿಯವರ ಫೋಟೋದ ಮುಂದ ಆ ಎಲಿ ಮ್ಯಾಲ ಎಡಿ ಹಾಕ್ರಿ.

ನಿಮಗ ಸ್ಟೀಲ್ ತಾಟು ತೊಳದಿಟ್ಟೀನಿ.

ತ್ರಿವೇಣಿ