ಸೀರೆ ಚಿತ್ರಗಳಿಗೆ ಎರಡನೇ ಡಿಸ್ಕು

೧೪-೯-೨೦೦೬, ಗುರುವಾರ. ಮೊಳಕಾಲ್ಮೂರು.

ಆ ಕಂಪ್ಯೂಟರ್ ರಿಪೇರಿಯ ಮಾರುತೇಶನ ನಗು ಇನ್ನೂ ಕಣ್ಣ ಮುಂದಿದೆ. ರೇಷ್ಮೆ ಸೀರೆಯ ಅಂಚು, ಸೆರಗಿನ ಚಿತ್ರಗಳಿಂದ ನಮ್ಮ ಕಂಪ್ಯೂಟರ್ ತುಂಬಿಹೋಯಿತೆಂದು ಚಳ್ಳಕೆರೆಯಿಂದ ಅವನನ್ನು ಕರೆಸಿದ್ದೆ. ಹೊಸ ಹಾರ್ಡ್ ಡಿಸ್ಕ್ ತಂದು ಹಳೆಯದರ ಜೊತೆ ಸೇರಿಸಿದ.

"ಮಗ್ಗದಾಗೆ ಹಳೇ ಎಳೆಗೆ ಹೊಸ ಎಳೆ ಹೊಸೀತೀರಲ್ಲಕ್ಕ, ಹಂಗೇ. ಎರಡೂ ಸೇರಿ ಒಂದೇ ಆಗ್ತೈತೆ. ಲಾಜಿಕಲ್ ವಾಲ್ಯೂಮ್ ಅಂತಾರೆ," ಎಂದ.

"ಹೊಸ ಎಳೆ ಹರಿದ್ರೆ?"

"ಹೊಸದು ಯಾಕೆ ಹರೀತೈತಕ್ಕ?"

ಆದರೂ ಹಟ ಹಿಡಿದು ಮೊದಲು ಎಲ್ಲವನ್ನೂ ಸೀಡಿಗೆ ಹಾಕಿಸಿಕೊಂಡೆ. ಅದಕ್ಕೇ ಅವನು ನಕ್ಕಿದ್ದು. ಹೊಸೆಯುವ ಮುಂಚೆ ಅವ್ವ ಎಳೆಯನ್ನು ಬೆರಳಿಗೆ ಸುತ್ತಿ ಜಗ್ಗಿ ನೋಡುತ್ತಾಳೆ. ಡಿಸ್ಕನ್ನು ಹೇಗೆ ಜಗ್ಗಿ ನೋಡುವುದು?

ಕೆಲಸ ಮುಗಿಯಿತು. ಜಾಗ ದುಪ್ಪಟ್ಟಾಯಿತು. ಒಂದು ಚಿತ್ರವೂ ಹೋಗಿಲ್ಲ. ಆದರೂ ನಿದ್ದೆ ಹತ್ತುತ್ತಿಲ್ಲ. ಸೇರಿಸುವ ಮುಂಚೆ ಪರದೆಯ ಮೇಲೆ ಹೊಸ ಡಿಸ್ಕಿನ ಬಗ್ಗೆ ಒಂದು ಪ್ರಶ್ನೆ ಬಂದಿತ್ತು. ಈ ಡಿಸ್ಕಿನಲ್ಲಿ ಮೊದಲೇ ಇರುವುದನ್ನು ಅಳಿಸಲೇ ಎಂದು ಅದು ಕೇಳುತ್ತಿತ್ತು. ನಾನು ಓದಿ ಮುಗಿಸುವಷ್ಟರಲ್ಲಿ ಅವನು ಹೌದೆಂದು ಒತ್ತಿಬಿಟ್ಟ.

ನನ್ನೆದುರಿಗೇ ಡಬ್ಬ ಬಿಚ್ಚಿ ತೆಗೆದ ಹೊಸ ಡಿಸ್ಕು ಅದು. ಅದರಲ್ಲಿ ಅಳಿಸುವುದಕ್ಕೆ ಏನಿತ್ತು?